ಮೇಲಕ್ಕೆ ಏರಿದ ಬೇಡಿಕೆಯ ಗೆರೆ

ಬೇಡಿಕೆಯ ಗೆರೆ ಎಡದಿಂದ ಬಲಕ್ಕೆ ಇಳಿಯಬೇಕು. ಬೆಲೆ ಹೆಚ್ಚಾದರೆ ಕೊಳ್ಳುವುದು ಕಡಿಮೆಯಾಗುತ್ತದೆ ಎಂದು ತಿಳಿಯಲು ಯಾರೂ ಅರ್ಥಶಾಸ್ತ್ರ ಓದಬೇಕಿಲ್ಲ. ಆದರೆ ಶಿಕಾರಿಪುರದ ಒಂದು ಸಣ್ಣ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ, ಎಂ.ಕಾಂ. ಮೊದಲ ಸೆಮಿಸ್ಟರಿನ ಹತ್ತೊಂಬತ್ತು ಮಂದಿ ನನ್ನ ಬೆನ್ನ ಹಿಂದೆ ನಿಂತು ನೋಡುತ್ತಿದ್ದಾಗ, ಪರದೆಯ ಮೇಲೆ ಕುರಿಗಳ ಬೇಡಿಕೆಯ ಗೆರೆ ಮೇಲಕ್ಕೆ ಏರಿತು.

ನಾನು ಅಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ವಾಣಿಜ್ಯದ ವಿದ್ಯಾರ್ಥಿಗಳಿಗೆ ಮ್ಯಾನೇಜೀರಿಯಲ್ ಎಕನಾಮಿಕ್ಸ್ ಎಂಬ ಒಂದು ಪತ್ರಿಕೆ ಇರುತ್ತದೆ. ಬೇಡಿಕೆಯನ್ನು ಅಂದಾಜು ಮಾಡುವುದು, ಉತ್ಪಾದನೆಯ ವೆಚ್ಚ, ಬೆಲೆ ನಿಗದಿ ಇವೆಲ್ಲ ಅದರಲ್ಲಿ ಬರುತ್ತವೆ. ವಾರದಲ್ಲಿ ಮೂರು ದಿನ ಶಿಕಾರಿಪುರದಲ್ಲಿ, ಎರಡು ದಿನ ಸೊರಬದ ಇನ್ನೊಂದು ಕಾಲೇಜಿನಲ್ಲಿ ಅದೇ ಪತ್ರಿಕೆಯನ್ನು ಕಲಿಸುತ್ತಿದ್ದೆ. ಪಠ್ಯಪುಸ್ತಕದಲ್ಲಿದ್ದ ಉದಾಹರಣೆಗಳೆಲ್ಲ ವಿಮಾನದ ಟಿಕೆಟು, ಹೊರದೇಶದ ಕಾರು. ನನ್ನ ತರಗತಿಯಲ್ಲಿ ಯಾರೂ ವಿಮಾನ ಹತ್ತಿರಲಿಲ್ಲ, ನಾನೂ ಹತ್ತಿರಲಿಲ್ಲ. ಅದಕ್ಕೇ ಆ ವರ್ಷ ಒಂದು ಅಭ್ಯಾಸ ಕೊಟ್ಟೆ. ಪ್ರತಿಯೊಬ್ಬರೂ ತಮಗೆ ಗೊತ್ತಿರುವ ಒಂದು ಸರಕಿನ ವಾರವಾರದ ಬೆಲೆ, ಮಾರಾಟವಾದ ಸಂಖ್ಯೆ ಹುಡುಕಿ ತರಬೇಕು. ಅವನ್ನು ಕಂಪ್ಯೂಟರಿಗೆ ತುಂಬಿ, ಚುಕ್ಕೆಗಳ ನಡುವೆ ಹಾಯುವ ಗೆರೆ ಎಳೆಯಬೇಕು.

ಒಬ್ಬರು ಸಿಮೆಂಟಿನದು ತಂದರು, ಒಬ್ಬರು ಹಾಲಿನದು. ಎಲ್ಲಕ್ಕಿಂತ ಅಚ್ಚುಕಟ್ಟಾದ ಪಟ್ಟಿ ತಂದವರು ತರಗತಿಯಲ್ಲೇ ಹಿರಿಯರಾದ ಒಬ್ಬ ವಿದ್ಯಾರ್ಥಿನಿ. ನನಗಿಂತ ಎರಡು ವರ್ಷ ದೊಡ್ಡವರು. ಬಿ.ಕಾಂ. ಮುಗಿಸಿ ಮದುವೆಯಾಗಿ, ಅಂಜನಾಪುರದ ಹತ್ತಿರ ಗಂಡನ ಮನೆಯವರ ಜತೆ ಹತ್ತು ವರ್ಷ ಕುರಿ ಸಾಕಿ, ಮಗಳು ಶಾಲೆಗೆ ಸೇರಿದ ಮೇಲೆ ಮತ್ತೆ ಓದಲು ಬಂದವರು. ಉಳಿದವರನ್ನೆಲ್ಲ ನಾನು ಏಕವಚನದಲ್ಲಿ ಕರೆಯುತ್ತಿದ್ದೆ, ಇವರೊಬ್ಬರಿಗೆ ಮಾತ್ರ ‘ನೀವು’ ಎನ್ನುತ್ತಿದ್ದೆ. ಸಂತೆಯಲ್ಲಿ ಸುಂಕ ವಸೂಲಿ ಮಾಡುವವರ ಬಳಿ ಕೂತು, ಒಂದು ವರ್ಷದ ಪ್ರತಿ ಸಂತೆಗೂ ಎಷ್ಟು ಕುರಿ ಮಾರಾಟವಾಯಿತು, ಸುಮಾರು ಏನು ಬೆಲೆಗೆ ಹೋಯಿತು ಎಂದು ಅವರು ಬರೆದುಕೊಂಡು ಬಂದಿದ್ದರು. ಅದನ್ನೇ ಇಡೀ ತರಗತಿಯ ಅಭ್ಯಾಸಕ್ಕೆ ತೆಗೆದುಕೊಂಡೆ.

ಗೆರೆ ಏರಿದ್ದನ್ನು ನೋಡಿ ಹಿಂದಿನಿಂದ ಯಾರೋ ನಕ್ಕರು. “ಸರ್, ಇದು ಉಲ್ಟಾ ಹೋತಲ್ರಿ?”

ಆಗ ನಾನು ಹೇಳಬೇಕಾಗಿದ್ದುದು ಒಂದೇ ಮಾತು: ಯಾಕೆಂದು ನನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ. ಅದನ್ನು ಹೇಳಲು ಆಗಲಿಲ್ಲ. ಹತ್ತೊಂಬತ್ತು ಮುಖಗಳು ನನ್ನನ್ನೇ ನೋಡುತ್ತಿದ್ದವು. ಬಾಯಿಗೆ ಬಂದದ್ದನ್ನು ಸಿದ್ಧಾಂತದ ಹಾಗೆ ಹೇಳಿಬಿಟ್ಟೆ. “ಕೆಲವು ಸರಕುಗಳು ಪ್ರತಿಷ್ಠೆಯ ಸರಕುಗಳು. ಬೆಲೆ ಹೆಚ್ಚಾದಷ್ಟೂ ಜನಕ್ಕೆ ಅದು ಬೇಕು ಅನ್ನಿಸುತ್ತದೆ. ದುಬಾರಿ ಟಗರು ತಂದರೆ ಊರಲ್ಲಿ ಹೆಸರು. ಇಲ್ಲಿ ಆಗಿರುವುದು ಅದೇ.”

ಎಲ್ಲರೂ ಬರೆದುಕೊಂಡರು. ಆ ಹಿರಿಯ ವಿದ್ಯಾರ್ಥಿನಿ ಪೆನ್ನು ಎತ್ತಲಿಲ್ಲ.

“ಹಂಗಲ್ರಿ ಸರ್,” ಎಂದರು. “ಹಬ್ಬ ಬಂದಾಗ ಏನಾಗತೈತಿ ಅಂದ್ರೆ…”

“ನಿಮ್ಮ ಅಭಿಪ್ರಾಯ ಬರೆದು ಕೊಡಿ, ನೋಡೋಣ,” ಎಂದು ಅರ್ಧಕ್ಕೇ ತಡೆದೆ.

ಮುಂದೆ ಆಂತರಿಕ ಪರೀಕ್ಷೆಯಲ್ಲಿ ಅವರು ಬರೆದೇ ಕೊಟ್ಟರು. ‘ಗೆರೆ ಏಕೆ ಏರಿದೆ, ವಿವರಿಸಿ’ ಎಂಬ ಪ್ರಶ್ನೆಗೆ ಹದಿನೆಂಟು ಮಂದಿ ನನ್ನ ಪ್ರತಿಷ್ಠೆಯ ಸರಕನ್ನು ನನಗೇ ಹಿಂತಿರುಗಿಸಿದ್ದರು. ಅವರಿಗೆಲ್ಲ ಹದಿನೈದಕ್ಕೆ ಹನ್ನೆರಡು, ಹದಿಮೂರು ಹಾಕಿದೆ. ಇವರ ಉತ್ತರ ಕಾಲು ಪುಟವೂ ಇರಲಿಲ್ಲ. ‘ಇದು ಕೊಳ್ಳುವವರ ಗೆರೆ ಅಲ್ಲ. ಹಬ್ಬದ ವಾರ ಎಲ್ಲರಿಗೂ ಕುರಿ ಬೇಕು, ಅದಕ್ಕೆ ಬೆಲೆ ಏರುತ್ತದೆ. ಬೆಲೆ ಏರಿದ್ದಕ್ಕೆ ನಾವು ಹೆಚ್ಚು ಕುರಿ ಸಂತೆಗೆ ಹೊಡೆದುಕೊಂಡು ಹೋಗುತ್ತೇವೆ. ಹಾಗಾಗಿ ಇದು ಮಾರುವವರ ಗೆರೆ.’ ಸೂತ್ರ ಇಲ್ಲ, ಪುಸ್ತಕದ ಹೆಸರಿಲ್ಲ. ‘ಸಿದ್ಧಾಂತದ ಆಧಾರವಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದು ಐದು ಅಂಕ ಹಾಕಿದೆ. ಆಂತರಿಕ ಅಂಕಗಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸುವ ಕೊನೆಯ ದಿನ ಹತ್ತಿರವಿತ್ತು. ಕಂಪ್ಯೂಟರಿನಲ್ಲಿ ತುಂಬಿ, ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ ಕಳಿಸಿದ್ದಾಯಿತು.

ಆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದವನು ನಾನೊಬ್ಬನೇ. ಸ್ಟಾಫ್ ರೂಮಿನಲ್ಲಿ ಉಳಿದವರದು ತೆರಿಗೆ, ಆಡಿಟ್, ಕಾಸ್ಟಿಂಗ್. ಒಳ್ಳೆಯ ಜನ. ಊಟದ ಡಬ್ಬಿ ತೆರೆದಾಗ ಚಟ್ನಿಪುಡಿ ನನ್ನ ಕಡೆಗೂ ಬರುತ್ತಿತ್ತು. ಆದರೆ ನಾನು ತರಗತಿಯಲ್ಲಿ ಏನು ಹೇಳಿ ಬಂದೆ, ಅದು ಸರಿಯೇ ತಪ್ಪೇ ಎಂದು ಕೇಳುವುದಕ್ಕೆ ಯಾರೂ ಇರಲಿಲ್ಲ. ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ ನನ್ನ ಬಾಡಿಗೆ ಕೋಣೆ. ಭಾನುವಾರಗಳಲ್ಲಿ ಕೆಲವೊಮ್ಮೆ, ಹೋಟೆಲಿನಲ್ಲಿ ‘ಒಂದು ಊಟ’ ಎನ್ನುವುದು ಬಿಟ್ಟರೆ ಸಂಜೆಯವರೆಗೂ ಬಾಯಿ ತೆರೆದಿರುತ್ತಿರಲಿಲ್ಲ. ಊರಿನ ತಪ್ಪಲ್ಲ ಅದು. ಒಂದು ವಿಷಯವನ್ನು ಒಬ್ಬನೇ ತಿಳಿದಿರುವಲ್ಲಿ ಬದುಕುವುದು ಹಾಗಿರುತ್ತದೆ. ಮೊದಮೊದಲು ಅದು ದೊಡ್ಡಸ್ತಿಕೆಯ ಹಾಗೂ ಅನ್ನಿಸಿತ್ತು.

ಎರಡು ವಾರ ಕಳೆದ ಮೇಲೆ, ಒಂದು ಶುಕ್ರವಾರ, ಸೊರಬದಲ್ಲಿ ಅದೇ ಪಾಠ ಬಂತು. ಅಲ್ಲಿ ಎಂಟೇ ಮಂದಿ. ಕುರಿಯ ಗೆರೆಯನ್ನು ನಾನೇ ಕಂಡುಹಿಡಿದ ಹೊಸ ಸಂಗತಿಯೆಂಬಂತೆ ಹಲಗೆಯ ಮೇಲೆ ಬರೆದೆ. ಪ್ರತಿಷ್ಠೆಯ ಸರಕಿನ ಮಾತನ್ನು ಈ ಸಲ ಇನ್ನೂ ಚೆನ್ನಾಗಿ ಹೇಳಿದೆ. ಕುಪ್ಪಗಡ್ಡೆಯಿಂದ ಬರುತ್ತಿದ್ದ ಒಬ್ಬಳು ಕೈ ಎತ್ತಿದಳು.

“ಸರ್, ನಮ್ಮಲ್ಲಿ ಭತ್ತಕ್ಕೆ ಹಾಗಾಗೋದಿಲ್ಲಲ್ಲ. ಕೊಯ್ಲು ಮುಗಿದ ಕೂಡ್ಲೇ ಎಲ್ಲರ ಮನೆ ಭತ್ತವೂ ಒಟ್ಟಿಗೆ ಮಾರಾಟಕ್ಕೆ ಬರ್ತದೆ, ರೇಟು ಬೀಳ್ತದೆ. ಮಳೆಗಾಲದ ಹೊತ್ತಿಗೆ ಯಾರ ಹತ್ರಾನೂ ಇರೋದಿಲ್ಲ, ರೇಟು ಏರ್ತದೆ. ಅದನ್ನ ಬರೆದರೆ ಗೆರೆ ಇಳೀತದೆ.”

“ಹೌದು. ಅದು ಸಾಮಾನ್ಯ ಸರಕು,” ಎಂದೆ.

“ಆದ್ರೆ ಸರ್, ಅಲ್ಲಿ ಹೆಚ್ಚು ಕಡಿಮೆ ಆಗ್ತಾ ಇರೋದು ಭತ್ತ, ತಗೊಳ್ಳೋರಲ್ಲ. ಕುರಿ ಸಂತೇಲಿ ಹೆಚ್ಚು ಕಡಿಮೆ ಆಗ್ತಾ ಇರೋದು ಯಾವುದು?”

ಕುರಿಯ ಗೆರೆಯ ಪಕ್ಕ ಭತ್ತದ ಗೆರೆಯನ್ನೂ ಬರೆದು ನೋಡಿದೆ. ಭತ್ತದಲ್ಲಿ ಪೂರೈಕೆ ಅತ್ತಿತ್ತ ಸರಿಯುತ್ತದೆ, ಕೊಳ್ಳುವವರು ಇದ್ದಲ್ಲೇ ಇರುತ್ತಾರೆ. ಹಾಗಾಗಿ ಚುಕ್ಕೆಗಳು ಬೇಡಿಕೆಯ ಗೆರೆಯ ಮೇಲೆ ಬೀಳುತ್ತವೆ. ಕುರಿಯಲ್ಲಿ ಹಬ್ಬ ಬಂದಾಗ ಸರಿಯುವುದು ಬೇಡಿಕೆ. ಆಗ ಚುಕ್ಕೆಗಳು ಬೀಳುವುದು ಪೂರೈಕೆಯ ಗೆರೆಯ ಮೇಲೆ. ನಾನು ಎಳೆದದ್ದು ಬೇಡಿಕೆಯ ಗೆರೆಯೇ ಅಲ್ಲ. ಕಾಲು ಪುಟದ ಆ ಉತ್ತರದಲ್ಲಿ ಇದ್ದದ್ದು ಇದೇ ಮಾತು.

“ಮುಂದಿನ ವಾರ ಹೇಳುತ್ತೇನೆ,” ಎಂದು ಹಲಗೆ ಒರೆಸಿದೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಕೋಣೆಗೆ ಬರುವವರೆಗೂ ಆ ಉತ್ತರವನ್ನೇ ಮತ್ತೆ ಮತ್ತೆ ಮನಸ್ಸಿನಲ್ಲಿ ಓದುತ್ತಿದ್ದೆ.

ಮರುದಿನ ಬೆಳಿಗ್ಗೆ ಟ್ರಂಕಿನಿಂದ ನನ್ನ ಎಂ.ಎ. ಟಿಪ್ಪಣಿಗಳನ್ನು ತೆಗೆದೆ. ಬೆಲೆ ಮತ್ತು ಮಾರಾಟದ ಅಂಕಿಗಳಿಂದ ನೇರವಾಗಿ ಬೇಡಿಕೆಯ ಗೆರೆ ಎಳೆಯಬಾರದು, ಎರಡರಲ್ಲಿ ಯಾವ ಗೆರೆ ಸರಿಯುತ್ತಿದೆ ಎಂದು ಮೊದಲು ಗುರುತಿಸಬೇಕು ಎಂದು ನನ್ನ ಕೈಬರಹದಲ್ಲೇ ಇತ್ತು. ಅಡಿಗೆರೆ ಬೇರೆ ಎಳೆದಿದ್ದೆ. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಜತೆಗೆ ಓದಿದ ಗೆಳೆಯನೊಬ್ಬ ಬ್ಯಾಂಕಿನಲ್ಲಿದ್ದ, ಅವನಿಗೆ ಫೋನ್ ಮಾಡಿದೆ. “ಹೌದು ಮಾರಾಯ, ನೀನು ಹೇಳೋದು ಸರಿ ಅನ್ಸತ್ತೆ. ಅದೆಲ್ಲ ಈಗ ಮರೆತುಹೋಗಿದೆ. ಕೌಂಟರ್ ರಶ್ ಇದೆ, ಆಮೇಲೆ ಮಾಡ್ತೀನಿ,” ಎಂದ. ಮಾಡಲಿಲ್ಲ.

ಸೋಮವಾರ ಹಾಜರಿ ಕರೆಯುವಾಗ ಆ ವಿದ್ಯಾರ್ಥಿನಿ ಇರಲಿಲ್ಲ. ಪುಸ್ತಕ ತಿರುವಿ ನೋಡಿದೆ. ಉತ್ತರ ಪತ್ರಿಕೆ ವಾಪಸು ಕೊಟ್ಟ ಮರುದಿನದಿಂದ ಅವರು ಬಂದೇ ಇರಲಿಲ್ಲ. ಆ ಸಾಲಿನ ಗೈರುಗಳನ್ನು ಗುರುತು ಹಾಕಿದ್ದು ನಾನೇ, ಆದರೂ ಒಮ್ಮೆಯೂ ಯೋಚಿಸಿರಲಿಲ್ಲ.

ವಿಭಾಗದ ಮುಖ್ಯಸ್ಥರಿಗೆ ವಿಷಯ ಹೇಳಿದೆ. ನಿವೃತ್ತಿಗೆ ಹತ್ತಿರವಾಗಿದ್ದವರು, ಅಕೌಂಟೆನ್ಸಿ ಕಲಿಸುತ್ತಿದ್ದರು. ನಾನು ಕಾಗದದ ಮೇಲೆ ಎರಡೂ ಗೆರೆ ಬರೆದು ತೋರಿಸಿದೆ. ಅವರು ತಾಳ್ಮೆಯಿಂದ ನೋಡಿದರು.

“ನನಗೆ ಇದು ತಿಳಿಯಂಗಿಲ್ರಿ. ನೀವು ತಪ್ಪು ಅಂದ್ರೆ ತಪ್ಪು ಇರಬೌದು,” ಎಂದರು. “ಆದ್ರೆ ನೀವು ಹೇಳ್ದೆ ಇದ್ರೆ ಇದು ಯಾರಿಗೆ ಗೊತ್ತಾಗತೈತಿ ಹೇಳ್ರಿ? ಅಂಕ ಹೋಗ್ಯಾವೆ. ಬದಲು ಮಾಡ್ಬೇಕಂದ್ರೆ ಮೌಲ್ಯಮಾಪನದಾಗೆ ತಪ್ಪು ಮಾಡೀನಿ ಅಂತ ನೀವೇ ಬರೆದು ಸಹಿ ಹಾಕಿ ಕೊಡಬೇಕು. ಆ ಕಾಗದ ನಿಮ್ಮ ಫೈಲಿನಾಗೆ ಕೂರತೈತಿ. ಮುಂದಿನ ವರ್ಷ ಆಯ್ಕೆ ಸಮಿತಿ ಅದನ್ನೇ ಮೊದಲು ತೆಗೆದು ನೋಡೋದು.”

“ಅವರು ಕಾಲೇಜು ಬಿಟ್ಟ ಹಾಗಿದೆ ಸರ್.”

“ಬರ್ತಾರೆ ತಗಳ್ರಿ. ಥಿಯರಿ ಪೇಪರ್‌ನಾಗೆ ತೆಗೀತಾರೆ. ನೀವು ಸುಮ್ನೆ ತಲೆ ಕೆಡಿಸ್ಕೊಬ್ಯಾಡ್ರಿ.”

ಅವರ ಮಾತಿನಲ್ಲಿ ಕೆಡುಕಿರಲಿಲ್ಲ, ನನ್ನ ಒಳಿತಿಗೇ ಹೇಳಿದ್ದು. ಆದರೆ ‘ಯಾರಿಗೆ ಗೊತ್ತಾಗತೈತಿ’ ಎಂಬ ಮಾತು ಬಿಡಲಿಲ್ಲ. ನಿಜಕ್ಕೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಿದ್ದವರು ಒಬ್ಬರೇ, ಅವರಿಗೆ ನಾನು ಐದು ಅಂಕ ಹಾಕಿದ್ದೆ.

ಬುಧವಾರ ಮಧ್ಯಾಹ್ನ ಒಂದೇ ತರಗತಿ ಇತ್ತು. ಮುಗಿಸಿ, ಕುರಿ ಪಟ್ಟಿಯ ಮುದ್ರಿತ ಪ್ರತಿ ಹಿಡಿದು ಅಂಜನಾಪುರದ ಕಡೆಗೆ ಹೊರಟೆ. ನಾಲೆಯ ಪಕ್ಕ, ಕೊಯ್ಲಾದ ಗದ್ದೆಯೊಂದರಲ್ಲಿ ಆ ವಿದ್ಯಾರ್ಥಿನಿಯ ಕುರಿಗಳು ಕೂಳೆ ಮೇಯುತ್ತಿದ್ದವು. ಅವರು ಬದುವಿನ ಮೇಲೆ ಕೂತಿದ್ದವರು ನನ್ನನ್ನು ಕಂಡು ಗಡಬಡಿಸಿ ಎದ್ದರು.

“ಸರ್, ನೀವ್ಯಾಕ್ರಿ ಇಲ್ಲಿಗೆ? ಹಾಜರಿ ಕಮ್ಮಿ ಬಿತ್ತೇನ್ರಿ?”

“ಹಾಜರಿಗಲ್ಲ. ನೀವು ಬರೆದದ್ದು ಸರಿ ಇತ್ತು. ನಾನು ಹೇಳಿಕೊಟ್ಟದ್ದು ತಪ್ಪು.”

ದಾರಿಯುದ್ದಕ್ಕೂ ಇನ್ನೂ ಉದ್ದನೆಯ ಮಾತೊಂದನ್ನು ಜೋಡಿಸಿಕೊಂಡು ಬಂದಿದ್ದೆ. ಬಾಯಿಂದ ಹೊರಬಿದ್ದದ್ದು ಇಷ್ಟೇ. ಅವರು ಬದು ದಾಟಲು ಹೊರಟಿದ್ದ ಕುರಿಯೊಂದನ್ನು ಕೂಗಿ ತಿರುಗಿಸಿದರು.

“ಮಾರ್ಕ್ಸಿಗಲ್ರಿ ಸರ್ ನಾ ಬಿಟ್ಟಿದ್ದು,” ಎಂದರು. “ಹತ್ತು ವರ್ಷ ಆ ಸಂತೆಗೆ ಹೋಗೀನಿ. ನನಗೆ ಗೊತ್ತಿರೋದು ಅದೊಂದೇ ಅಂದ್ಕೊಂಡಿದ್ದೆ. ಅದೂ ತಪ್ಪು ಅಂತ ಕೆಂಪ್ ಶಾಯಿನಾಗೆ ಬರೆದ್ರಲ್ಲ, ಹಂಗಾದ್ರೆ ನನಗೆ ಏನೂ ಗೊತ್ತಿಲ್ಲ ಅನ್ನಿಸಿಬಿಡ್ತು. ಮನೆಯಾಗೆ, ಯಾಕವ್ವಾ ಹೋಗಲ್ಲ ಅಂತ ಅತ್ತೆ ಕೇಳಿದ್ರು. ಅವರಿಗೆ ಹೆಂಗ್ ಹೇಳ್ಲಿ? ಯಾರಿಗೂ ಹೇಳಾಕೆ ಬರಂಗಿರಲಿಲ್ಲ.”

ನಾನು ಪಟ್ಟಿ ಬಿಚ್ಚಿದೆ. ಕೆಲಸದ ಮಾತಿಗೆ ಇಳಿದರೆ ಇಬ್ಬರಿಗೂ ಸುಲಭವಾಗುತ್ತದೆ ಅನ್ನಿಸಿತು. “ಇದರಿಂದಲೇ ನಿಜವಾದ ಬೇಡಿಕೆಯ ಗೆರೆ ತೆಗೆಯಬಹುದು. ಅದಕ್ಕೆ, ಕೊಳ್ಳುವವರು ಬದಲಾಗದೆ ಮಾರುವವರು ಮಾತ್ರ ಹೆಚ್ಚು ಕಡಿಮೆಯಾದ ವಾರಗಳು ಬೇಕು. ಅವು ಯಾವುವು ಎಂದು ನನಗೆ ಗೊತ್ತಿಲ್ಲ.”

ಅವರು ಪೆನ್ನು ಇಸಿದುಕೊಂಡರು. ಮೊದಲು ಹಬ್ಬದ ವಾರಗಳಿಗೆ ಸುತ್ತು ಹಾಕಿದರು. ಯುಗಾದಿ, ಬಕ್ರೀದ್, ಮಾರ್ನಾಮಿ. ಅವೆಲ್ಲ ತೆಗೆದುಹಾಕಬೇಕಾದವು. ಮಳೆಗಾಲದ ಎರಡು ವಾರಗಳಲ್ಲಿ ಕುರಿ ಹೆಚ್ಚು, ಬೆಲೆ ಕಡಿಮೆ ಇತ್ತು. ಅಲ್ಲಿ ಬೆರಳಿಟ್ಟು, “ಇವು ಬೇಕಲ್ಲ?” ಎಂದೆ.

“ಬ್ಯಾಡ್ರಿ. ಆವಾಗ ಕುರಿಗೆ ಕಾಲುಕೊಳೆ ಬಂದಿತ್ತು. ಸಾಯೋ ಮುಂಚೆ ಮಾರಾನ ಅಂತ ನಾವು ಹೊಡ್ಕೊಂಡು ಹೋದ್ವಿ. ಆದ್ರೆ ತಗಳ್ಳೋರೂ ಹೆದರಿದ್ರು. ಎರಡೂ ಕಡೆ ಬದಲಾತಲ್ರಿ.”

ಸೂಕ್ಷ್ಮ ಅದು. ನನ್ನ ಟಿಪ್ಪಣಿಯಲ್ಲಿ ಅದಕ್ಕೊಂದು ಇಡೀ ಪುಟವಿತ್ತು. ಅವರು ಪಟ್ಟಿಯ ಮೇಲೆ ಕಣ್ಣಾಡಿಸುತ್ತಾ ಹೋಗಿ ಒಂದು ಕಡೆ ನಿಂತರು.

“ಇವು ನೋಡ್ರಿ. ನಾಲೆಗೆ ನೀರು ಬಿಟ್ಟ ವಾರಗಳು. ನೀರು ಬಂತು ಅಂದ್ರೆ ಎಲ್ಲಾರೂ ಗದ್ದೆ ಉಳ್ತಾರೆ. ಮೇಯಿಸಾಕೆ ಜಾಗ ಇರಂಗಿಲ್ಲ. ಸಾಕಾಕಾಗದೆ ಒಂದಿಷ್ಟು ಮಾರಲೇಬೇಕು. ಕುರಿ ತಗಳ್ಳಾಕೆ ಬರೋರಿಗೆ ನಾಲೆ ನೀರಿನ ಉಸಾಬರಿ ಏನೈತ್ರಿ?”

ನಾನು ಹುಡುಕುತ್ತಿದ್ದದ್ದು ಅದನ್ನೇ. ಬೇಡಿಕೆಯನ್ನು ಮುಟ್ಟದೆ ಪೂರೈಕೆಯನ್ನು ಮಾತ್ರ ಅಲುಗಿಸುವ ಒಂದು ಸಂಗತಿ. ಪುಸ್ತಕಗಳಲ್ಲಿ ಅದಕ್ಕೆ ದೊಡ್ಡ ಹೆಸರಿದೆ. ಆ ನಾಲೆಯ ದಂಡೆಯ ಮೇಲೆ ಒಂದೂವರೆ ವರ್ಷದಿಂದ ಸಂಜೆ ಹೊತ್ತು ನಾನು ಒಬ್ಬನೇ ಎಷ್ಟೋ ಸಲ ನಡೆದಿದ್ದೆ. ನೀರು ಬಂದಾಗ ಯಾರ ಕುರಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿಕೊಂಡಿರಲಿಲ್ಲ.

ಗುರುವಾರ ಸೊರಬಕ್ಕೆ ರಜೆ ಹಾಕಿ ಕಂಪ್ಯೂಟರ್ ಕೋಣೆಯಲ್ಲಿ ಕೂತೆ. ಹಬ್ಬದ ವಾರ, ರೋಗದ ವಾರ ತೆಗೆದು, ನೀರು ಬಿಟ್ಟ ವಾರಗಳನ್ನು ಅವುಗಳ ಆಚೀಚಿನ ಸಾಧಾರಣ ವಾರಗಳ ಜತೆ ಇಟ್ಟು ಗೆರೆ ಎಳೆದೆ. ಇಳಿಯಿತು. ಚುಕ್ಕೆಗಳು ಕಡಿಮೆ, ಪ್ರಬಂಧ ಬರೆಯುವಷ್ಟು ಗಟ್ಟಿಯಲ್ಲ. ಆದರೂ ಸ್ಪಷ್ಟವಾಗಿ ಇಳಿದಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ‘ನೋಡಿ ಇಲ್ಲಿ’ ಎಂದು ಕರೆದು ತೋರಿಸಬೇಕು ಅನ್ನಿಸಿ, ಒಮ್ಮೆ ಬಾಗಿಲವರೆಗೆ ಹೋಗಿ ಬಂದೆ. ಆಮೇಲೆ ಅಲ್ಲೇ ಕೂತು ಕಾಗದ ಬರೆದೆ. ‘ಮೌಲ್ಯಮಾಪನದಲ್ಲಿ ನನ್ನಿಂದ ತಪ್ಪಾಗಿದೆ’ ಎಂಬುದು ಮೊದಲ ಸಾಲು. ಯಾವ ಪ್ರಶ್ನೆ, ಯಾವ ಉತ್ತರ, ಸರಿ ಯಾವುದು, ಎಷ್ಟು ಅಂಕ ಸಲ್ಲಬೇಕು ಎಂದು ಬರೆದು, ಎರಡು ಗೆರೆಗಳನ್ನೂ ಲಗತ್ತಿಸಿ ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ಅವರು ಓದಿ, ಕನ್ನಡಕ ತೆಗೆದು, “ಆತು ಬಿಡ್ರಿ, ನಿಮ್ಮಿಷ್ಟ,” ಎಂದು ಸಹಿ ಹಾಕಿದರು.

ಸೋಮವಾರ ತರಗತಿಗೆ ಹೋಗಿ ಹಲಗೆಯ ಮೇಲೆ ಏರುವ ಗೆರೆಯನ್ನು ಮತ್ತೆ ಬರೆದೆ. “ತಿಂಗಳ ಹಿಂದೆ ಕಂಪ್ಯೂಟರ್ ಕೋಣೆಯಲ್ಲಿ ನಿಮಗೆ ತಪ್ಪು ಹೇಳಿದೆ. ಪ್ರತಿಷ್ಠೆಯ ಸರಕು ಎಂದು ಬರೆದುಕೊಂಡದ್ದನ್ನು ಹೊಡೆದು ಹಾಕಿ,” ಎಂದೆ. ಪುಟ ತಿರುವಿದ ಸದ್ದು, ಪೆನ್ನಿನ ಸದ್ದು. ಆ ವಿದ್ಯಾರ್ಥಿನಿ ಹಿಂದಿನ ಬೆಂಚಿನಲ್ಲಿ ಬಂದು ಕೂತಿದ್ದರು. ಅವರನ್ನು ಮುಂದಕ್ಕೆ ಕರೆದೆ. ಮೊದಲು ಒಲ್ಲೆ ಎಂದರು. ಆಮೇಲೆ ಬಂದು ಸೀಮೆಸುಣ್ಣ ಹಿಡಿದವರು ಅರ್ಧ ಗಂಟೆ ಬಿಡಲಿಲ್ಲ. ಹಬ್ಬ, ಕಾಲುಕೊಳೆ, ನಾಲೆ. ಪ್ರತಿಯೊಂದಕ್ಕೂ ಯಾವ ಗೆರೆ ಸರಿಯುತ್ತದೆ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು. ನಾನು ಕಿಟಕಿಯ ಪಕ್ಕ ನಿಂತಿದ್ದೆ.

ಕೊನೆಗೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. “ಸರ್, ಹಂಗಾದ್ರೆ ನಾವು ಬರೆದಿದ್ದಕ್ಕೆ ಕೊಟ್ಟ ಹದಿಮೂರು?”

“ನೀವು ಬರೆದದ್ದು ನಾನು ಕಲಿಸಿದ್ದನ್ನು. ಅದಕ್ಕೆ ನಿಮ್ಮ ಅಂಕ ಕಡಿಯುವುದಿಲ್ಲ.”

“ಆದ್ರೆ ಅದು ತಪ್ಪು ಉತ್ತರ ಅಲ್ವಾ ಸರ್?”

“ಹೌದು, ತಪ್ಪು ಉತ್ತರವೇ,” ಎಂದೆ. ಆಕೆ ತೃಪ್ತಿಯಾಗದೆ ಕೂತಳು. ಹದಿನೆಂಟು ಮಂದಿಯ ಅಂಕಪಟ್ಟಿಯಲ್ಲಿ ನನ್ನ ತಪ್ಪು ಇಂದಿಗೂ ಹಾಗೆಯೇ ಇದೆ. ಅದೇ ವಾರ ಸೊರಬದ ಎಂಟು ಮಂದಿಗೂ ಇದನ್ನೇ ಹೇಳಿದೆ. ಪ್ರಶ್ನೆ ಕೇಳಿದ್ದವಳಿಗೆ ಎಲ್ಲರ ಎದುರು ಕೃತಜ್ಞತೆ ಹೇಳಿದಾಗ ಅವಳು ನಾಚಿ, “ನಾನು ಸುಮ್ನೆ ಕೇಳಿದ್ದು ಸರ್,” ಎಂದಳು.

ತಿದ್ದುಪಡಿಯಾಗಿ ಬರಲು ಎರಡು ತಿಂಗಳು ಹಿಡಿಯಿತು. ಐದು ಹದಿನಾಲ್ಕಾಯಿತು. ಆ ಹಿರಿಯ ವಿದ್ಯಾರ್ಥಿನಿ ಸೆಮಿಸ್ಟರ್ ಪರೀಕ್ಷೆ ಬರೆದರು, ಮುಂದಿನ ಸೆಮಿಸ್ಟರಿಗೂ ಬಂದರು. ಬೇಸಿಗೆಯಲ್ಲಿ ಅತಿಥಿ ಉಪನ್ಯಾಸಕರ ಹೊಸ ಪಟ್ಟಿ ಅಂಟಿಸಿದಾಗ ಶಿಕಾರಿಪುರದ ಕಾಲೇಜಿನಲ್ಲಿ ನನ್ನ ಹೆಸರಿರಲಿಲ್ಲ. ನಾನು ಬರೆದ ಕಾಗದದಿಂದಲೇ ಹಾಗಾಯಿತು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪತ್ರಿಕೆಯನ್ನು ಕಾಸ್ಟಿಂಗ್ ಕಲಿಸುವವರಿಗೆ ವಹಿಸಿದ್ದರು. ಮುಖ್ಯಸ್ಥರು ಗೇಟಿನವರೆಗೆ ಬಂದು, “ಸೊರಬದಾಗೆ ಐತಲ್ರಿ ಎರಡು ದಿನ,” ಎಂದು ಕೈ ಹಿಡಿದು ಬಿಟ್ಟರು.

ಕೋಣೆ ಖಾಲಿ ಮಾಡುವ ವಾರ, ಒಂದು ಮಧ್ಯಾಹ್ನ ಆ ವಿದ್ಯಾರ್ಥಿನಿಯ ಫೋನ್ ಬಂತು. ಎರಡನೇ ಸೆಮಿಸ್ಟರಿನ ಪರೀಕ್ಷೆ ಬರೆದು ಆಗಷ್ಟೇ ಹೊರಬಂದಿದ್ದರು. ಕುಶಲ ಕೇಳಲಿಲ್ಲ, ನೇರ ವಿಷಯಕ್ಕೆ ಬಂದರು.

“ಸರ್, ಒಂದು ಪ್ರಶ್ನೆನೇ ತಪ್ಪು ಕೊಟ್ಟಾರ್ರಿ. ಊರಿಗೆ ಒಂದೇ ಅಂಗಡಿ ಇದ್ರೆ ಅವನು ಎಷ್ಟು ಬೇಕಾದ್ರೂ ಬೆಲೆ ಇಡಬೌದಲ್ರಿ? ಅದಕ್ಕೊಂದು ಮಿತಿ ಐತಿ, ಕಂಡುಹಿಡೀರಿ ಅಂತ ಕೇಳ್ಯಾರೆ.”

“ಪ್ರಶ್ನೆ ಸರಿಯಾಗಿಯೇ ಇದೆ,” ಎಂದೆ. “ಬೆಲೆ ತೀರಾ ಏರಿಸಿದರೆ ಕೊಳ್ಳುವವರು ಕಡಿಮೆಯಾಗುತ್ತಾರಲ್ಲ.”

“ಉಪ್ಪು ಆದ್ರೆ?”

“ಉಪ್ಪಾದರೂ.”

“ನಾ ಒಪ್ಪಂಗಿಲ್ರಿ ಸರ್,” ಎಂದರು.

ನಾನು ಕಟ್ಟಿದ ಪುಸ್ತಕದ ಗಂಟಿನ ಮೇಲೆ ಕೂತೆ. ಅವರು ಉಪ್ಪು ಬಿಟ್ಟು ಸೀಮೆಎಣ್ಣೆ ಹಿಡಿದರು, ಅದನ್ನು ಬಿಟ್ಟು ಕುರಿಯ ಔಷಧಿ ಹಿಡಿದರು. ಪ್ರತಿಯೊಂದಕ್ಕೂ ನಾನು ತಡೆದೆ, ಅವರು ಬೇರೊಂದು ದಾರಿಯಿಂದ ಬಂದರು. ಈ ಸಲ ತಪ್ಪು ಅವರದಾಗಿತ್ತು. ಅದು ಎಲ್ಲಿದೆ ಎಂದು ತೋರಿಸುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಆ ಊರಿನಲ್ಲಿದ್ದ ಎರಡು ವರ್ಷದಲ್ಲಿ ಯಾರ ಜತೆಗೂ ನಾನು ಅಷ್ಟು ಹೊತ್ತು ಮಾತನಾಡಿರಲಿಲ್ಲ.